ಕ್ಯಾಮೆರಾ ಎಲ್ಲಿ ನಿಲ್ಲಬೇಕು? ಗಂಜಿನ ಒಂದು ಕತೆಯನ್ನು ಶಾಟ್‌ಗಳಲ್ಲಿ ಕಟ್ಟುವ ಬಗೆ

ನನ್ನ ಮೊದಲ ಕಿರುಚಿತ್ರ ತೆಗೆದದ್ದು ಅಜ್ಜಿಯ ಊರಿನಲ್ಲಿ, ಚಿತ್ತಾಪುರದ ಹತ್ತಿರ. ಮಗ ಪುಣೆಗೆ ದುಡಿಯಲು ಹೋದ ಮೇಲೆ ಮನೆಯಲ್ಲಿ ಒಬ್ಬಳೇ ಉಳಿದ ಮುದುಕಿಯ ಕತೆ ಅದು. ಎರಡು ದಿನ ಶೂಟಿಂಗ್, ಒಂದು ವಾರ ಎಡಿಟಿಂಗ್. ಅವ್ವನನ್ನು ಕೂರಿಸಿ ಮೊಬೈಲ್‌ನಲ್ಲೇ ತೋರಿಸಿದೆ. ಪೂರ್ತಿ ನೋಡಿದಳು. ಆಮೇಲೆ, "ಎಲ್ಲಾ ಛಂದ ಕಾಣ್ತದಪ್ಪ. ಆದ್ರ ಅಕಿ ಮನಸ್ನಾಗ ಏನದ ಅಂತ ನಂಗ ತಿಳೀಲಿಲ್ಲ" ಅಂದಳು.

ರಾತ್ರಿ ಮತ್ತೆ ಕೂತು ನೋಡಿದೆ. ಅಜ್ಜಿ ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಾಳೆ. ನಾನು ಬಾಗಿಲ ಹತ್ತಿರ ನಿಂತು ತೆಗೆದಿದ್ದೇನೆ. ಅಜ್ಜಿ ಕಟ್ಟೆ ಮೇಲೆ ಕೂತಿದ್ದಾಳೆ. ಅಲ್ಲೂ ನಾನು ನಿಂತೇ ತೆಗೆದಿದ್ದೇನೆ. ಇಡೀ ಚಿತ್ರದಲ್ಲಿ ಕ್ಯಾಮೆರಾ ನನ್ನ ಎದೆಯ ಎತ್ತರದಲ್ಲಿದೆ, ಆರು ಅಡಿ ದೂರದಲ್ಲಿದೆ. ಯಾರೋ ಅಪರಿಚಿತರು ಬಾಗಿಲಲ್ಲಿ ನಿಂತು, ಒಳಗೆ ಬರದೆ, ಕೆಳಗೆ ನೋಡಿ ಹೋದ ಹಾಗೆ. ಅವಳ ಪಕ್ಕ ಒಂದು ಸಲವೂ ನಾನು ಕೂತಿರಲಿಲ್ಲ. ಹಾಗಿದ್ದಾಗ ನೋಡುವವರು ಹೇಗೆ ಕೂರುತ್ತಾರೆ?

ಅವತ್ತು ಅರ್ಥವಾದದ್ದು ಇಷ್ಟು. ಶಾಟ್ ಅಂದರೆ ದೂರ. ಆ್ಯಂಗಲ್ ಅಂದರೆ ಎತ್ತರ ಮತ್ತು ದಿಕ್ಕು. ಇವೆಲ್ಲ ಸೇರಿ ನೋಡುಗ ಯಾರ ಜೊತೆ ನಿಂತಿದ್ದಾನೆ ಅಂತ ತೀರ್ಮಾನಿಸುತ್ತವೆ. ಯೂಟ್ಯೂಬ್‌ನಲ್ಲಿ ಶಾಟ್‌ಗಳ ಹೆಸರು ಹೇಳಿಕೊಡುವ ವಿಡಿಯೊ ಬೇಕಾದಷ್ಟಿವೆ. ಹೆಸರು ಗೊತ್ತಾದರೆ ಸಾಲದು. ಯಾವುದನ್ನು ಯಾವಾಗ, ಯಾಕೆ ಅನ್ನೋದು ಮುಖ್ಯ. ಅದನ್ನು ಒಂದೇ ಒಂದು ಸಣ್ಣ ಕತೆ ಇಟ್ಟುಕೊಂಡು ಹೆಜ್ಜೆ ಹೆಜ್ಜೆಯಾಗಿ ನೋಡೋಣ. ಕೈಯಲ್ಲಿ ಮೊಬೈಲ್ ಇದ್ದರೆ ಸಾಕು.

ಮೊದಲ ಹೆಜ್ಜೆ: ಕತೆ ಯಾರದು ಅಂತ ಬರೆದಿಡಿ

ನಮ್ಮ ಕತೆ ನಡೆಯುವುದು ಕಲಬುರಗಿಯ ನೆಹರು ಗಂಜಿನಲ್ಲಿ, ಅಂದರೆ ರೈತರು ಕಾಳು ತಂದು ಮಾರುವ ಸಗಟು ಮಾರುಕಟ್ಟೆಯಲ್ಲಿ. ಇದು ತೊಗರಿಯ ಕಣಜ. ಇಲ್ಲಿನ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಕೂಡ ಸಿಕ್ಕಿದೆ. ರಾಶಿ ಮುಗಿದ ಮೇಲೆ ಡಿಸೆಂಬರ್, ಜನವರಿಯಲ್ಲಿ ಗಂಜಿನ ತುಂಬ ಚೀಲಗಳೇ ಚೀಲಗಳು.

ಅಪ್ಪ ಮತ್ತು ಕಾಲೇಜು ಓದುವ ಮಗಳು ಟಂಟಂ ಆಟೊದಲ್ಲಿ ತೊಗರಿ ಚೀಲ ಹೇರಿಕೊಂಡು ಬರುತ್ತಾರೆ. ಮಗಳ ಫೀಸು ಕಟ್ಟಬೇಕು. ಉಳಿದರೆ ಅಪ್ಪನ ಕನ್ನಡಕ ಮಾಡಿಸಬೇಕು. ಹಳೇ ಕನ್ನಡಕದ ಒಂದು ಕಡ್ಡಿ ಮುರಿದಿದೆ, ದಾರ ಸುತ್ತಿದ್ದಾನೆ. ಅಡತಿ (ಕಮಿಷನ್ ವ್ಯಾಪಾರದ) ಅಂಗಡಿಯ ಸಾಹುಕಾರ ಕಾಳು ಅಂಗೈಯಲ್ಲಿ ಹಿಡಿದು, "ಕಾಕಾ, ಮಾಲ್ ಹಸಿ ಅದ ನೋಡ್ರಿ" ಅನ್ನುತ್ತಾನೆ. ರೇಟು ಇಳಿಯುತ್ತದೆ. ಕಾಟಾದ (ತೂಕದ ಯಂತ್ರದ) ಮೇಲೆ ಚೀಲ ಇಟ್ಟಾಗ ಕೆಂಪು ಅಂಕಿ ಅಪ್ಪನಿಗೆ ಓದಲು ಬರುವುದಿಲ್ಲ. ಅದು ಮಗಳಿಗೆ ಗೊತ್ತಾಗುತ್ತದೆ. ಅಪ್ಪನಿಗೆ ಕಣ್ಣು ಇಷ್ಟು ಮಂಜಾಗಿದೆ ಅಂತ ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಇಷ್ಟೇ ಕತೆ. ಈಗ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯಿರಿ: ಇದು ಯಾರ ಕತೆ? ಕಷ್ಟ ಅಪ್ಪನದು. ಆದರೆ ಹೊಸ ವಿಷಯ ಗೊತ್ತಾಗುವುದು ಮಗಳಿಗೆ. ಹಾಗಾಗಿ ನನ್ನ ಮಟ್ಟಿಗೆ ಇದು ಮಗಳ ಕತೆ. ನೀವು ಅಪ್ಪನ ಕತೆ ಅಂತಲೂ ಮಾಡಬಹುದು, ತಪ್ಪೇನಿಲ್ಲ. ಆಗ ಕ್ಯಾಮೆರಾ ಇಡುವ ಜಾಗ ಪೂರ್ತಿ ಬದಲಾಗುತ್ತದೆ. ಎರಡೂ ಬೇಕು ಅಂತ ಹೊರಟರೆ ಮಾತ್ರ ನನ್ನ ಅಜ್ಜಿ ಚಿತ್ರದ ಗತಿಯಾಗುತ್ತದೆ.

ಎರಡನೇ ಹೆಜ್ಜೆ: ಪ್ರತಿ ಕ್ಷಣಕ್ಕೂ ದೂರ ಗೊತ್ತುಮಾಡಿ

ಯಾದಗಿರಿ ಜಿಲ್ಲೆಯ ಶಹಾಪುರದ ಬೆಟ್ಟ ನೋಡಿದ್ದೀರಲ್ವಾ? ರಸ್ತೆಯಲ್ಲಿ ದೂರದಿಂದ ಬರುವಾಗ ಬುದ್ಧ ಮಲಗಿದ ಹಾಗೆ ಕಾಣುತ್ತದೆ. ಹಣೆ, ಮೂಗು, ಗದ್ದ, ಎದೆ ಎಲ್ಲ. ಬುಡಕ್ಕೆ ಹೋಗಿ ನಿಂತರೆ ಬರೀ ಬಂಡೆ. ಬುದ್ಧ ಇರುವುದು ದೂರದಲ್ಲಿ ಮಾತ್ರ. ಇನ್ನೊಂದು ಕಡೆ ಬೀದರಿನ ಬಿದ್ರಿ ಹೂಜಿ ನೋಡಿ. ಹತ್ತು ಅಡಿಯಿಂದ ಅದು ಕಪ್ಪು ಮೇಲೆ ಬಿಳಿ ಗೆರೆ ಅಷ್ಟೇ. ಮುಖದ ಹತ್ತಿರ ಹಿಡಿದಾಗಲೇ ಕೆತ್ತಿದ ಗೆರೆಯಲ್ಲಿ ಬೆಳ್ಳಿ ತಂತಿ ಬಡಿದು ಕೂರಿಸಿದ ಕೈಕೆಲಸ ಕಾಣುವುದು. ಕೆಲವು ಅರ್ಥ ದೂರದಲ್ಲಿರುತ್ತವೆ, ಕೆಲವು ಹತ್ತಿರದಲ್ಲಿ. ಶಾಟ್ ಆರಿಸುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಇದೇ: ಇದು ಬೆಟ್ಟವೋ, ಬಿದ್ರಿಯೋ?

ವೈಡ್ ಶಾಟ್‌ನಲ್ಲಿ ಜಾಗ ದೊಡ್ಡದು, ಮನುಷ್ಯ ಸಣ್ಣವನು. ಗಂಜಿನ ಮೊದಲ ಶಾಟ್ ಹೀಗಿರಲಿ. ಸಾಲು ಸಾಲು ಚೀಲ, ಹಮಾಲರು, ಲಾರಿ. ಅದರ ನಡುವೆ ಒಂದು ಟಂಟಂ, ಎರಡು ಸಣ್ಣ ಆಕೃತಿ. ಇಷ್ಟು ದೊಡ್ಡ ಬಜಾರಿನಲ್ಲಿ ಇವರ ನಾಲ್ಕು ಚೀಲ ಏನು ಮಹಾ ಅನ್ನೋದನ್ನು ಮಾತಿಲ್ಲದೆ ಹೇಳಬಹುದು. ವೈಡ್ ಶಾಟ್ ಬರೀ 'ಇದು ಕಲಬುರಗಿ' ಅಂತ ತೋರಿಸಲಿಕ್ಕಲ್ಲ.

ಇನ್ನೊಂದು ಮಾತು. ನಮ್ಮ ಕಡೆ ಚಿತ್ರ ಮಾಡುವ ಹುಡುಗರು ಎಲ್ಲಕ್ಕಿಂತ ಮೊದಲು ಕೋಟೆಗೆ ಓಡುತ್ತಾರೆ. ಕತೆ ಹಾಸ್ಟೆಲ್ ಹುಡುಗನದ್ದಾದರೂ ಆರಂಭದ ಶಾಟ್ ಕೋಟೆ, ಇಲ್ಲವೇ ಹಫ್ತ್ ಗುಂಬಜ್. ನೋಡಲು ಚೆಂದ, ನಿಜ. ಆದರೆ ಆ ಹುಡುಗನಿಗೂ ಕೋಟೆಗೂ ಸಂಬಂಧ ಇಲ್ಲದಿದ್ದರೆ ಹತ್ತು ಸೆಕೆಂಡ್ ವ್ಯರ್ಥ. ಅವನ ಹಾಸ್ಟೆಲ್ ಕಿಟಕಿಯಿಂದ ತೆಗೆಯಿರಿ, ಅದರಲ್ಲಿ ಕತೆ ಇದೆ.

ಮಿಡ್ ಶಾಟ್ ಅಂದರೆ ಸೊಂಟದಿಂದ ಮೇಲೆ. ಇಬ್ಬರು ಎದುರು ಬದುರು ನಿಂತು ಮಾತಾಡುವಾಗ ನಮ್ಮ ಕಣ್ಣಿಗೆ ಕಾಣುವುದು ಹೆಚ್ಚು ಕಡಿಮೆ ಇಷ್ಟೇ. ಮುಖವೂ ಸಿಗುತ್ತದೆ, ಕೈಯೂ ಸಿಗುತ್ತದೆ. ನಮ್ಮ ಜನ ಕೈ ಆಡಿಸದೆ ಮಾತಾಡುವುದಿಲ್ಲ, ಹಾಗಾಗಿ ವ್ಯವಹಾರದ ದೃಶ್ಯಕ್ಕೆ ಮಿಡ್ ಶಾಟ್ ಬಹಳ ಕೆಲಸಕ್ಕೆ ಬರುತ್ತದೆ.

ಕ್ಲೋಸ್‌ಅಪ್ ಮುಖದ್ದು ಮಾತ್ರ ಅಂತ ಅಂದುಕೊಳ್ಳಬೇಡಿ. ಚೀಲದ ಬಾಯಿ ಬಿಚ್ಚುವ ಬೆರಳು. ಸಾಹುಕಾರನ ಅಂಗೈಯಲ್ಲಿ ಕಾಳು. ಆ ಅಂಗೈಯಲ್ಲಿ ಒಂದು ವರ್ಷದ ದುಡಿಮೆ ಇದೆ ಅಲ್ವಾ? ಮಳೆ, ಬಿತ್ತನೆ, ಕಳೆ, ರಾಶಿ, ಎಲ್ಲ ಆ ಹತ್ತು ಕಾಳಿನಲ್ಲಿ. ಅದನ್ನು ಹತ್ತಿರದಿಂದ ತೋರಿಸಿ. ಅವನು ಬೆರಳಿನಿಂದ ಕಾಳು ತಿರುವಿ, ಒಂದನ್ನು ಹಲ್ಲಲ್ಲಿ ಕಡಿದು ನೋಡುವವರೆಗೂ ಕಟ್ ಮಾಡಬೇಡಿ.

ಎಕ್ಸ್‌ಟ್ರೀಮ್ ಕ್ಲೋಸ್‌ಅಪ್, ಅಂದರೆ ಕಣ್ಣು ಮಾತ್ರ, ಅಥವಾ ಕನ್ನಡಕದ ಕಡ್ಡಿಗೆ ಸುತ್ತಿದ ದಾರ ಮಾತ್ರ. ಇದು ಉಪ್ಪಿನಕಾಯಿ ಇದ್ದ ಹಾಗೆ. ಐದು ನಿಮಿಷದ ಚಿತ್ರದಲ್ಲಿ ಒಂದೇ ಸಲ ಬಳಸಿ. ನಮ್ಮ ಕತೆಯಲ್ಲಿ ಅದು ದಾರಕ್ಕೆ ಮೀಸಲು. ಬೇರೆ ಎಲ್ಲೂ ಅಷ್ಟು ಹತ್ತಿರ ಹೋಗದಿದ್ದರೆ, ಆ ದಾರ ಬಂದಾಗ ನೋಡುಗರು ಉಸಿರು ಹಿಡಿಯುತ್ತಾರೆ.

ಮೂರನೇ ಹೆಜ್ಜೆ: ಎತ್ತರ ನೋಡಿ

ನಾನು ಎಡವಿದ್ದು ಇಲ್ಲೇ, ಆದ್ದರಿಂದ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಐ ಲೆವೆಲ್ ಅಂದರೆ ಕಣ್ಣಿನ ಮಟ್ಟ. ಯಾರ ಕಣ್ಣು? ಕ್ಯಾಮೆರಾ ಹಿಡಿದವರದ್ದಲ್ಲ, ಚಿತ್ರದಲ್ಲಿ ಇರುವವರದ್ದು. ನಮ್ಮ ಹಳ್ಳಿಗಳಲ್ಲಿ ಬದುಕಿನ ಅರ್ಧ ಭಾಗ ನೆಲದ ಮೇಲೆ ನಡೆಯುತ್ತದೆ. ಊಟ, ರೊಟ್ಟಿ ಬಡಿಯುವುದು, ಕಾಳು ಹಸನು ಮಾಡುವುದು, ಹರಟೆ. ನೆಲದ ಮೇಲೆ ಕೂತವರ ಕಣ್ಣು ಎರಡು, ಎರಡೂವರೆ ಅಡಿ ಎತ್ತರದಲ್ಲಿರುತ್ತದೆ. ಕ್ಯಾಮೆರಾ ಅಲ್ಲಿಗೆ ಇಳಿಯಬೇಕು. ಜಪಾನಿನ ನಿರ್ದೇಶಕ ಯಸುಜಿರೊ ಓಝು ಚಾಪೆಯ ಮೇಲೆ ಕೂತು ಬದುಕುವ ಕುಟುಂಬಗಳ ಕತೆಗಳನ್ನು ಕ್ಯಾಮೆರಾ ಬಹಳ ಕೆಳಗಿಟ್ಟೇ ತೆಗೆದರು. ಅವರ ಮನೆಗಳಿಗೂ ನಮ್ಮ ಶಹಾಬಾದ್ ಕಲ್ಲು ಹಾಸಿದ ಪಡಸಾಲೆಗಳಿಗೂ ಈ ವಿಷಯದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ ಅಂತ ನನಗೆ ಅನ್ನಿಸುತ್ತದೆ.

ಎಷ್ಟೋ ಟ್ರೈಪಾಡ್ ಅಷ್ಟು ಕೆಳಗೆ ಇಳಿಯುವುದಿಲ್ಲ. ಅದಕ್ಕೆ ನಾನು ಮಾಡುವ ಉಪಾಯ: ಗಟ್ಟಿ ಬಟ್ಟೆಯ ಸಣ್ಣ ಚೀಲದಲ್ಲಿ ಎರಡು ಕೆಜಿ ಜೋಳ ತುಂಬಿ ಬಾಯಿ ಹೊಲಿದುಬಿಡಿ. ಪೂರ್ತಿ ಬಿಗಿಯಾಗಿ ತುಂಬಬೇಡಿ, ಸ್ವಲ್ಪ ಸಡಿಲ ಇರಲಿ. ನೆಲದ ಮೇಲೆ, ಕಟ್ಟೆ ಮೇಲೆ, ಬೈಕಿನ ಸೀಟಿನ ಮೇಲೆ ಇಟ್ಟು ಮೊಬೈಲ್ ಒತ್ತಿದರೆ ಕಾಳು ಸರಿದು ತಾನೇ ಹಿಡಿದುಕೊಳ್ಳುತ್ತದೆ. ಅಲುಗಾಡುವುದಿಲ್ಲ. ಐದು ವರ್ಷದಿಂದ ನನ್ನ ಬ್ಯಾಗಿನಲ್ಲಿ ಅದೇ ಇದೆ.

ಲೋ ಆ್ಯಂಗಲ್ ಅಂದರೆ ಕೆಳಗಿನಿಂದ ಮೇಲಕ್ಕೆ ನೋಡುವುದು. ಬೀದರಿನ ಚೌಬಾರಾ ಗೋಪುರದ ಬುಡದಲ್ಲಿ ನಿಂತು ಕತ್ತೆತ್ತಿ ನೋಡಿ. 71 ಅಡಿಯ ಗೋಪುರ ಮೈಮೇಲೆ ಬರುವ ಹಾಗೆ ಅನ್ನಿಸುತ್ತದೆ. ಹಾಗೇ ಕೆಳಗಿನಿಂದ ತೆಗೆದ ಮನುಷ್ಯನೂ ದೊಡ್ಡವನಾಗಿ, ಕೆಲವು ಸಲ ಭಯ ಹುಟ್ಟಿಸುವ ಹಾಗೆ ಕಾಣುತ್ತಾನೆ. 1941ರ 'ಸಿಟಿಜನ್ ಕೇನ್' ಚಿತ್ರಕ್ಕೆ ನಿರ್ದೇಶಕ ಆರ್ಸನ್ ವೆಲ್ಸ್ ಸ್ಟುಡಿಯೊದ ನೆಲವನ್ನೇ ಅಗೆಸಿ ಕ್ಯಾಮೆರಾ ಇಳಿಸಿದ್ದರು. ಹೈ ಆ್ಯಂಗಲ್ ಇದಕ್ಕೆ ತಿರುಗಾಮುರುಗ. ಮೇಲಿನಿಂದ ನೋಡಿದಾಗ ಮನುಷ್ಯ ಕುಗ್ಗುತ್ತಾನೆ, ಒಂಟಿಯಾಗುತ್ತಾನೆ.

ಆದರೆ 'ಲೋ ಅಂದರೆ ಶಕ್ತಿ, ಹೈ ಅಂದರೆ ದೌರ್ಬಲ್ಯ' ಅಂತ ಬಾಯಿಪಾಠ ಮಾಡಬೇಡಿ. ತಾಯಿ ತೊಟ್ಟಿಲಲ್ಲಿರುವ ಕೂಸನ್ನು ಮೇಲಿನಿಂದಲೇ ನೋಡುತ್ತಾಳೆ. ಅಲ್ಲಿರುವುದು ಅಕ್ಕರೆ. ಹೋಳಿಯಾಗಿ ಐದನೇ ದಿನ ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು ಎಳೆಯುವಾಗ ಮಾಳಿಗೆ ಹತ್ತಿ ನೋಡಿದರೆ ಜನಸಾಗರ ಕಾಣುತ್ತದೆ. ಅಲ್ಲಿ ಯಾರೂ ಕುಗ್ಗಿದ ಹಾಗೆ ಕಾಣುವುದಿಲ್ಲ, ಎಲ್ಲರೂ ಒಂದೇ ಅಲೆಯ ಹಾಗೆ ಕಾಣುತ್ತಾರೆ. ಅರ್ಥ ಬರುವುದು ಕತೆಯಿಂದ.

ಗಂಜಿನಲ್ಲಿ ಜಾಗವೇ ಆ್ಯಂಗಲ್ ಕೊಡುತ್ತದೆ, ನೀವು ಸುಮ್ನೆ ಕಷ್ಟಪಡಬೇಕಿಲ್ಲ. ಅಂಗಡಿಯ ಕಟ್ಟೆ ಎತ್ತರದಲ್ಲಿದೆ, ಸಾಹುಕಾರ ಮೇಲೆ ಗಾದಿಯ ಮೇಲೆ ಕೂತಿದ್ದಾನೆ. ರೈತ ಕೆಳಗೆ ನಿಂತಿದ್ದಾನೆ. ಅಪ್ಪನ ಕಣ್ಣಿನ ಮಟ್ಟದಿಂದ ಸಾಹುಕಾರನನ್ನು ತೆಗೆದರೆ ತಾನಾಗಿ ಲೋ ಆ್ಯಂಗಲ್. ಸಾಹುಕಾರನ ಕಡೆಯಿಂದ ಅಪ್ಪನನ್ನು ತೆಗೆದರೆ ತಾನಾಗಿ ಹೈ ಆ್ಯಂಗಲ್. ಇನ್ನೂ ಕೆಳಗೆ, ಇನ್ನೂ ಮೇಲೆ ಹೋಗಿ ಎಳೆಯಬೇಡಿ. ಹಾಗೆ ಮಾಡಿದರೆ ಸಾಹುಕಾರ ಖಳನಾಯಕ ಆಗಿಬಿಡುತ್ತಾನೆ. ಅವನು ಖಳನಾಯಕ ಅಲ್ಲ. ಮಾಲಿನಲ್ಲಿ ಹಸಿ ಇದ್ದರೆ ರೇಟು ಇಳಿಯುತ್ತದೆ, ಅದು ವ್ಯಾಪಾರ.

ಫ್ರೇಮನ್ನು ಓರೆಯಾಗಿ ಹಿಡಿಯುವ ಡಚ್ ಆ್ಯಂಗಲ್ ಕೂಡ ಇದೆ. ತಲೆ ಸುತ್ತಿದಾಗ, ಏನೋ ಸರಿಯಿಲ್ಲ ಅನ್ನಿಸಿದಾಗ ಬಳಸುತ್ತಾರೆ. ನಮ್ಮ ಕತೆಗೆ ಬೇಡ.

ನಾಲ್ಕನೇ ಹೆಜ್ಜೆ: ಯಾರ ಕಣ್ಣಿನಿಂದ?

ಪಾಯಿಂಟ್ ಆಫ್ ವ್ಯೂ ಶಾಟ್‌ನಲ್ಲಿ ಕ್ಯಾಮೆರಾ ಪಾತ್ರದ ಕಣ್ಣೇ ಆಗಿಬಿಡುತ್ತದೆ. ಪಾತ್ರ ಏನನ್ನೋ ನೋಡುತ್ತದೆ, ಆಮೇಲೆ ಅದು ನೋಡಿದ್ದು ನಮಗೆ ಕಾಣುತ್ತದೆ, ಆಮೇಲೆ ಮತ್ತೆ ಅದರ ಮುಖ. ಈ ಮೂರು ತುಂಡು ಜೋಡಿಸಿದರೆ ಮನಸ್ಸಿನ ಒಳಗಿರುವುದು ಹೊರಗೆ ಬರುತ್ತದೆ. ಸುಮಾರು ನೂರು ವರ್ಷದ ಹಿಂದೆ ರಷ್ಯಾದಲ್ಲಿ ನಿರ್ದೇಶಕ ಲೆವ್ ಕುಲೆಶೊವ್ ಒಂದು ಪ್ರಯೋಗ ಮಾಡಿದರು. ಒಬ್ಬ ನಟನ ಒಂದೇ ಮುಖದ ತುಣುಕನ್ನು ಒಮ್ಮೆ ಸೂಪಿನ ಬಟ್ಟಲಿನ ಜೊತೆ, ಒಮ್ಮೆ ಶವಪೆಟ್ಟಿಗೆಯ ಜೊತೆ ಅಂಟಿಸಿದರು. ನೋಡಿದವರು ಅದೇ ಮುಖದಲ್ಲಿ ಒಮ್ಮೆ ಹಸಿವು ಕಂಡರು, ಒಮ್ಮೆ ದುಃಖ ಕಂಡರು. ನಮ್ಮಂಥವರಿಗೆ ಇದು ದೊಡ್ಡ ಧೈರ್ಯ. ನಮ್ಮ ನಟರು ಅಕ್ಕಪಕ್ಕದ ಮನೆಯವರು, ಕಾಕಾ, ಚಿಕ್ಕಮ್ಮ. ಅವರಿಗೆ ಅಳಲು ಹೇಳಬೇಡಿ. ನೋಡಲು ಹೇಳಿ ಸಾಕು. ಉಳಿದದ್ದನ್ನು ಪಕ್ಕದ ಶಾಟ್ ಮಾಡುತ್ತದೆ.

ಈಗ ಕತೆಯ ನಡುಮಧ್ಯಕ್ಕೆ ಬಂದಿದ್ದೇವೆ. ಚೀಲ ಕಾಟಾ ಮೇಲೆ ಕೂತಿದೆ. ಅಪ್ಪ ಬಗ್ಗಿ ನೋಡುತ್ತಾನೆ. ಅವನ ಕಣ್ಣಿನಿಂದ ಆ ಅಂಕಿ ಹೇಗೆ ಕಾಣುತ್ತದೆ? ಕೆಂಪು ಮಂಜು. ಇದನ್ನು ಎಡಿಟಿಂಗ್‌ನಲ್ಲಿ ಮಸುಕು ಮಾಡುವುದಕ್ಕಿಂತ ಕ್ಯಾಮೆರಾದಲ್ಲೇ ಮಾಡುವುದು ಚೆಂದ. ನಿಮ್ಮ ಕೈಯನ್ನು ಲೆನ್ಸ್‌ನಿಂದ ಒಂದು ಗೇಣಿಗಿಂತ ಕಡಿಮೆ ದೂರದಲ್ಲಿ ಹಿಡಿಯಿರಿ. ಪರದೆಯ ಮೇಲೆ ಆ ಕೈ ಕಾಣುವ ಜಾಗವನ್ನು ಬೆರಳಿನಿಂದ ಒತ್ತಿ ಹಿಡಿದರೆ ಫೋಕಸ್ ಅಲ್ಲೇ ಲಾಕ್ ಆಗುತ್ತದೆ. ಈಗ ಕೈ ತೆಗೆದು ಕಾಟಾದ ಅಂಕಿಯ ಕಡೆ ತಿರುಗಿಸಿ. ಅಂಕಿ ಹರಡಿದ ಕೆಂಪು ದೀಪದ ಹಾಗೆ ಕಾಣುತ್ತದೆ. ಫೋಕಸ್ ಜೊತೆ ಬೆಳಕೂ ಲಾಕ್ ಆಗಿರುವುದರಿಂದ, ಅಂಕಿ ತುಂಬ ಬೆಳ್ಳಗಾದರೆ ಪರದೆಯ ಮೇಲೆ ಬೆರಳು ಕೆಳಗೆ ಎಳೆದು ಬೆಳಕು ಇಳಿಸಿ.

ಆಮೇಲೆ ಮಗಳ ಮುಖ, ಕ್ಲೋಸ್‌ಅಪ್. ಅಪ್ಪ ಕೇಳುತ್ತಾನೆ, "ಎಷ್ಟಾತು ನೋಡವ್ವಾ?" ಅವಳು ತಟ್ಟನೆ ಹೇಳುವುದಿಲ್ಲ. ಮೊದಲು ಅಂಕಿ ನೋಡುತ್ತಾಳೆ. ಈ ಸಲ ಅಂಕಿ ಸ್ಪಷ್ಟ, ಹರಿತ. ಅದೇ ಕಾಟಾ, ಅದೇ ಜಾಗ, ಎರಡು ಕಣ್ಣು. ಆಮೇಲೆ ಅವಳು ಅಪ್ಪನ ಕಡೆ ತಿರುಗುತ್ತಾಳೆ. ಆಗ ಬರಬೇಕು ಆ ದಾರ, ನಾವು ಉಳಿಸಿಟ್ಟಿದ್ದ ಒಂದೇ ಒಂದು ಎಕ್ಸ್‌ಟ್ರೀಮ್ ಕ್ಲೋಸ್‌ಅಪ್. "ಐವತ್ತು ಪಾಯಿಂಟ್ ನಾಲ್ಕ, ಅಪ್ಪಾ." ಈ ಮಾತನ್ನು ದಾರದ ಮೇಲೆಯೇ ಕೇಳಿಸಿ.

ಓವರ್ ದಿ ಶೋಲ್ಡರ್ ಶಾಟ್ ಪಾಯಿಂಟ್ ಆಫ್ ವ್ಯೂ ಶಾಟಿನ ತಮ್ಮ. ಒಬ್ಬರ ಭುಜದ ಹಿಂದಿನಿಂದ ಇನ್ನೊಬ್ಬರನ್ನು ನೋಡುವುದು. ನಮ್ಮ ಸಿನಿಮಾ ಸೆಟ್‌ಗಳಲ್ಲಿ ಸಜೆಷನ್ ಅಂತಲೂ ಕರೆಯುತ್ತಾರೆ. ರೇಟಿನ ಮಾತು ನಡೆಯುವಾಗ ಮಗಳು ಚೀಲಗಳ ಹತ್ತಿರ ನಿಂತಿರಲಿ. ಅವಳ ಭುಜದ ಹಿಂದಿನಿಂದ ದೂರದ ಅಪ್ಪ ಮತ್ತು ಸಾಹುಕಾರನನ್ನು ತೆಗೆಯಿರಿ. ಮಾತು ಪೂರ್ತಿ ಕೇಳಿಸುವುದು ಬೇಡ. ಅವಳಿಗೆ ಎಷ್ಟು ಕೇಳಿಸುತ್ತದೋ ನಮಗೂ ಅಷ್ಟೇ.

ಹೊಸಬರು ಯಾವಾಗಲೂ ಮಾತಾಡುವವರ ಮುಖಕ್ಕೇ ಕಟ್ ಮಾಡುತ್ತಾರೆ. ಕೇಳಿಸಿಕೊಳ್ಳುವವರ ಮುಖದಲ್ಲಿ ಹೆಚ್ಚು ಕತೆ ಇರುತ್ತದೆ. "ಮಾಲ್ ಹಸಿ ಅದ" ಅನ್ನುವ ಮಾತು ಬರುವಾಗ ಪರದೆಯ ಮೇಲೆ ಅಪ್ಪನ ಮುಖ ಇರಲಿ.

ಐದನೇ ಹೆಜ್ಜೆ: ಗೆರೆ ದಾಟಬೇಡಿ

ಅಪ್ಪ ಮತ್ತು ಸಾಹುಕಾರನ ನಡುವೆ ನೆಲದ ಮೇಲೆ ಒಂದು ಸುಣ್ಣದ ಗೆರೆ ಎಳೆದಿದೆ ಅಂದುಕೊಳ್ಳಿ. ನೀವು ಆ ಗೆರೆಯ ಒಂದು ಪಕ್ಕದಲ್ಲೇ ಇದ್ದು ಎಲ್ಲ ಶಾಟ್ ತೆಗೆಯಬೇಕು. ಆಗ ಅಪ್ಪ ಯಾವಾಗಲೂ ಪರದೆಯ ಎಡದಿಂದ ಬಲಕ್ಕೆ ನೋಡುತ್ತಾನೆ, ಸಾಹುಕಾರ ಬಲದಿಂದ ಎಡಕ್ಕೆ. ಗೆರೆ ದಾಟಿ ಆ ಕಡೆಯಿಂದ ಒಂದು ಶಾಟ್ ತೆಗೆದರೆ ಇಬ್ಬರೂ ಒಂದೇ ದಿಕ್ಕಿಗೆ ನೋಡಿದಂತೆ ಆಗುತ್ತದೆ, ಯಾರು ಯಾರ ಜೊತೆ ಮಾತಾಡುತ್ತಿದ್ದಾರೆ ಅಂತ ಗೊತ್ತಾಗುವುದಿಲ್ಲ. ಇದನ್ನು 180 ಡಿಗ್ರಿ ನಿಯಮ ಅನ್ನುತ್ತಾರೆ. ನಾನು ನಿಜವಾಗಿಯೂ ಗೆರೆ ಎಳೆಯುತ್ತೇನೆ, ಸೀಮೆಸುಣ್ಣದಲ್ಲಿ. ಗದ್ದಲದ ಜಾಗದಲ್ಲಿ ಅದೇ ಕಾಪಾಡುತ್ತದೆ.

ದಾಟಲೇಬೇಕಾದರೆ ನೋಡುಗನ ಕಣ್ಣೆದುರೇ ದಾಟಿ. ಕ್ಯಾಮೆರಾ ನಡೆದು ಬರಲಿ, ಇಲ್ಲವೇ ಪಾತ್ರ ಎದ್ದು ಆ ಕಡೆ ಹೋಗಲಿ. ಇನ್ನೊಂದು: ಒಬ್ಬರದ್ದೇ ಎರಡು ಶಾಟ್ ಪಕ್ಕ ಪಕ್ಕ ಹಾಕುವಾಗ ಕ್ಯಾಮೆರಾ ಕನಿಷ್ಠ 30 ಡಿಗ್ರಿ ಸರಿದಿರಲಿ, ಇಲ್ಲವೇ ದೂರ ಚೆನ್ನಾಗಿ ಬದಲಾಗಿರಲಿ. ಇಲ್ಲದಿದ್ದರೆ ಚಿತ್ರ ಜಿಗಿದ ಹಾಗೆ ಕಾಣುತ್ತದೆ.

ಆರನೇ ಹೆಜ್ಜೆ: ಕ್ಯಾಮೆರಾ ಅಲುಗಿಸಲು ಕಾರಣ ಬೇಕು

ಪಾತ್ರ ನಡೆದರೆ ಜೊತೆಗೆ ನಡೆಯಿರಿ. ಪಾತ್ರ ತಲೆ ಎತ್ತಿದರೆ ನೀವೂ ಎತ್ತಿ. ಸುಮ್ಮನೆ ಎಡಕ್ಕೂ ಬಲಕ್ಕೂ ತಿರುಗಿಸಬೇಡಿ. ಅಪ್ಪ ಮಗಳು ಗಂಜಿನಲ್ಲಿ ನಡೆದುಬರುವ ಶಾಟ್‌ಗೆ ಹಣ್ಣು ಮಾರುವವರ ತಳ್ಳುಬಂಡಿ ಕೇಳಿ ತನ್ನಿ. ಜೋಳದ ಚೀಲ ಇಟ್ಟು, ಮೊಬೈಲ್ ಕೂರಿಸಿ, ಗೆಳೆಯನಿಗೆ ನಿಧಾನ ತಳ್ಳಲು ಹೇಳಿ. ಡಾಂಬರು ರಸ್ತೆಯಾದರೆ ಚೆನ್ನಾಗಿ ಬರುತ್ತದೆ. ಫರಸಿ ಕಲ್ಲಿನ ಮೇಲೆ ಸಂದಿ ಸಂದಿಗೂ ಕುಲುಕುತ್ತದೆ, ಅಲ್ಲಿ ಬೇಡ.

ಫೋನು, ಬೆಳಕು, ಬಿಸಿಲು

ಫೋನಿನ ಅಲ್ಟ್ರಾ ವೈಡ್ ಲೆನ್ಸ್ ಅನ್ನು ಮುಖದ ಹತ್ತಿರ ತರಬೇಡಿ. ಮೂಗು ದೊಡ್ಡದಾಗುತ್ತದೆ, ಕಿವಿ ಹಿಂದೆ ಹೋಗುತ್ತದೆ. ಮುಖ್ಯ ಲೆನ್ಸ್ ಕೂಡ ಅಗಲವೇ, ಹೆಚ್ಚಿನ ಫೋನುಗಳಲ್ಲಿ 24ರಿಂದ 26 ಎಂಎಂ ಲೆನ್ಸಿಗೆ ಸಮ. ಕ್ಲೋಸ್‌ಅಪ್‌ಗೆ ನಾಲ್ಕೈದು ಅಡಿ ಹಿಂದೆ ಸರಿದು 2ಎಕ್ಸ್ ಬಳಸಿ. ಮುಖ ಇರಬೇಕಾದ ಹಾಗೆ ಬರುತ್ತದೆ, ನಟನಿಗೂ ಮೂಗಿನ ಮುಂದೆ ಫೋನ್ ಇಲ್ಲದ ನೆಮ್ಮದಿ.

ಅಂಗಡಿಯ ಒಳಗೆ ಟ್ಯೂಬ್‌ಲೈಟ್ ಇದ್ದರೆ ವಿಡಿಯೊದಲ್ಲಿ ಪಟ್ಟಿ ಪಟ್ಟಿ ಮಿನುಗು ಬರಬಹುದು. ನಮ್ಮ ಕರೆಂಟು 50 ಹರ್ಟ್ಸ್, ಅದಕ್ಕೆ ಶಟರ್ ವೇಗ (ಒಂದೊಂದು ಚಿತ್ರಕ್ಕೆ ಕ್ಯಾಮೆರಾ ಬೆಳಕು ಹಿಡಿಯುವ ಹೊತ್ತು) 1/50 ಅಥವಾ 1/100 ಸೆಕೆಂಡ್ ಇಟ್ಟುಕೊಳ್ಳಿ. ಫೋನಿನ ಕ್ಯಾಮೆರಾದಲ್ಲಿ ಎಲ್ಲವನ್ನೂ ನಾವೇ ಹೊಂದಿಸುವ ಪ್ರೊ ಮೋಡ್‌ನಲ್ಲಿ ಇದು ಸಿಗುತ್ತದೆ. ಹಳೇ ಮಾಳಿಗೆ ಮನೆಯೊಳಗೆ ತೆಗೆಯುವುದಾದರೆ ಬೆಳಕಿಂಡಿಯನ್ನು ಬಿಡಬೇಡಿ. ಅದರಿಂದ ಬೀಳುವ ಬಿಸಿಲಿನ ಕೋಲಿನ ಪಕ್ಕದಲ್ಲಿ ಪಾತ್ರವನ್ನು ಕೂರಿಸಿ, ಒಳಗೆ ಅಲ್ಲ. ಬೆಳಕು ಸಾಲದಿದ್ದರೆ ಅಂಗಳದಲ್ಲಿ ಒಂದು ಕನ್ನಡಿ ಇಟ್ಟು ಬಿಸಿಲನ್ನು ಒಳಗಿನ ಬಿಳಿ ಗೋಡೆಗೆ ಬಿಡಿ. ಮೈಸೂರಿನಲ್ಲಿ ಹುಟ್ಟಿದ ವಿ.ಕೆ. ಮೂರ್ತಿ 1959ರಲ್ಲಿ 'ಕಾಗಜ್ ಕೆ ಫೂಲ್' ಚಿತ್ರದ ಹೆಸರಾಂತ ಬೆಳಕಿನ ಕಂಬವನ್ನು ಕನ್ನಡಿಗಳಿಂದ ಬಿಸಿಲು ತಿರುಗಿಸಿಯೇ ತಂದರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರು, ನಮ್ಮವರು ಅನ್ನೋದು ಹೆಮ್ಮೆ.

ನಮ್ಮ ಬಿಸಿಲಿನ ಬಗ್ಗೆ ನಿಮಗೆ ಹೇಳಬೇಕಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಫೋನು ಕಾದು ರೆಕಾರ್ಡಿಂಗ್ ತಾನೇ ನಿಲ್ಲಿಸುತ್ತದೆ. ಮುಖದ ಮೇಲೆ ಕಣ್ಣಿನ ಗುಳಿಗಳಲ್ಲಿ ಕಪ್ಪು ನೆರಳು ಬೇರೆ. ಬೆಳಿಗ್ಗೆ ಆರರಿಂದ ಎಂಟೂವರೆ, ಸಂಜೆ ಐದರ ನಂತರ ಕೆಲಸ ಮಾಡಿ. ಮಧ್ಯಾಹ್ನ ಕೈ, ಚೀಲ, ಕಾಳಿನ ಕ್ಲೋಸ್‌ಅಪ್‌ಗಳನ್ನು ನೆರಳಿನಲ್ಲಿ ತೆಗೆಯಿರಿ.

ಅನುಮತಿ

ಗಂಜಿನಲ್ಲಿ ಅಂಗಡಿಯವರನ್ನು ಹಿಂದಿನ ದಿನವೇ ಕೇಳಿ. "ಅಣ್ಣಾರ, ನಾಳಿ ಮುಂಜಾನಿ ಒಂದು ತಾಸು ನಿಮ್ಮ ಕಟ್ಟಿ ಮ್ಯಾಲ ಶೂಟಿಂಗ್ ಮಾಡ್ತೀವ್ರಿ" ಅಂದರೆ ಚಹಾ ಕೂಡ ತರಿಸುತ್ತಾರೆ. ಕೇಳದೆ ಕ್ಯಾಮೆರಾ ತಿರುಗಿಸಿದರೆ ಸಿಟ್ಟಾಗುತ್ತಾರೆ, ಅದು ನ್ಯಾಯವೇ. ಹಿನ್ನೆಲೆಯಲ್ಲಿ ಮುಖ ಕಾಣುವವರನ್ನೂ ಕೇಳಿ, ಹೆಣ್ಣುಮಕ್ಕಳನ್ನಂತೂ ಖಂಡಿತ ಕೇಳಿ. ಕಲಬುರಗಿ ಕೋಟೆ, 1367ರ ಜಾಮಿ ಮಸೀದಿ, ಬೀದರಿನ ಮಹಮೂದ್ ಗವಾನ್ ಮದರಸಾ ಇಂಥವು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳು. ಅಲ್ಲಿ ಚಿತ್ರೀಕರಣಕ್ಕೆ ಮೊದಲೇ ಅನುಮತಿ ಪಡೆಯಬೇಕು. ಬೀದರಿನಲ್ಲಿ ವಾಯುಪಡೆಯ ನೆಲೆ ಇದೆ, ಡ್ರೋನ್ ಆಸೆ ಬಿಟ್ಟುಬಿಡಿ.

ಕೊನೆಯ ಹೆಜ್ಜೆ: ಶಾಟ್ ಪಟ್ಟಿ ಮತ್ತು ಶೂಟಿಂಗ್ ದಿನ

ನಮ್ಮ ಕತೆಯ ಪಟ್ಟಿ ನನ್ನ ನೋಟ್‌ಬುಕ್ಕಿನಲ್ಲಿ ಹೀಗಿರುತ್ತದೆ. ಎದುರು ಮಾಳಿಗೆಯಿಂದ ಗಂಜಿನ ವೈಡ್, ಟಂಟಂ ಒಳಗೆ ಬರುತ್ತದೆ. ಚೀಲ ಇಳಿಸುವ ಅಪ್ಪ ಮಗಳು, ಮಿಡ್. ಚೀಲದ ಬಾಯಿ ಬಿಚ್ಚುವ ಬೆರಳು, ಕ್ಲೋಸ್. ಪಕ್ಕದಿಂದ ವೈಡ್, ಮೇಲೆ ಸಾಹುಕಾರ, ಕೆಳಗೆ ಅಪ್ಪ, ಇಬ್ಬರೂ ಒಂದೇ ಫ್ರೇಮಿನಲ್ಲಿ. ಅಂಗೈಯ ಕಾಳು, ಕ್ಲೋಸ್. ಅಪ್ಪನ ಮುಖ, ಮಾತು ಹೊರಗಿನಿಂದ. ಮಗಳ ಭುಜದ ಹಿಂದಿನಿಂದ ಇಬ್ಬರೂ. ಕಾಟಾ ಮೇಲೆ ಚೀಲ. ಮಂಜಾದ ಅಂಕಿ. ಮಗಳ ಮುಖ. ಸ್ಪಷ್ಟ ಅಂಕಿ. ದಾರ. ದುಡ್ಡು ಎಣಿಸುವ ಕೈ, ಆ ಕೈಯಿಂದ ಮಗಳ ಕೈಗೆ. ಕೊನೆಗೆ ರಸ್ತೆಯ ಆಚೆಯಿಂದ ವೈಡ್: ಕನ್ನಡಕದ ಅಂಗಡಿಯ ಮುಂದೆ ಇಬ್ಬರೂ ನಡೆದುಹೋಗುತ್ತಾರೆ. ಮಗಳು ನಿಲ್ಲುತ್ತಾಳೆ. ಅಪ್ಪ ಗಮನಿಸದೆ ಮುಂದೆ ಹೋಗುತ್ತಾನೆ.

ಈ ಕೊನೆಯ ಶಾಟ್‌ನಲ್ಲಿ ಹತ್ತಿರ ಹೋಗುವ ಆಸೆ ಬರುತ್ತದೆ. ಮಗಳ ಕಣ್ಣೀರು ತೋರಿಸೋಣ ಅನ್ನಿಸುತ್ತದೆ. ಬೇಡ. ದೂರದಲ್ಲೇ ಇರಿ. ಇಬ್ಬರ ನಡುವೆ ಖಾಲಿ ಜಾಗ ಬೆಳೆಯುವುದು ದೂರದಿಂದ ಮಾತ್ರ ಕಾಣುತ್ತದೆ. ಅಪ್ಪ ಫ್ರೇಮಿನ ಅಂಚು ತಲುಪುವವರೆಗೆ ಹಿಡಿದುಕೊಳ್ಳಿ, ಹತ್ತು ಸೆಕೆಂಡ್ ಆದರೂ ಸರಿ.

ಶೂಟಿಂಗ್ ದಿನ ಸಾಮಾನ್ಯವಾಗಿ ಮೊದಲು ವೈಡ್, ಆಮೇಲೆ ಹತ್ತಿರದ್ದು ತೆಗೆಯುತ್ತಾರೆ. ಯಾರು ಎಲ್ಲಿ ನಿಂತಿದ್ದರು, ಬೆಳಕು ಎಲ್ಲಿತ್ತು ಅನ್ನೋದು ಇದರಿಂದ ಗೊತ್ತಾಗುತ್ತದೆ. ಆದರೆ ನಟನೆ ಅಭ್ಯಾಸ ಇಲ್ಲದವರ ಜೊತೆ ನಾನು ಭಾವದ ದೃಶ್ಯಕ್ಕೆ ಮೊದಲು ಕ್ಲೋಸ್‌ಅಪ್ ತೆಗೆಯುತ್ತೇನೆ. ಅವರ ಮುಖದಲ್ಲಿ ನಿಜವಾದದ್ದು ಮೊದಲ ಎರಡು ಟೇಕ್‌ನಲ್ಲೇ ಬರುತ್ತದೆ. ಪ್ರತಿ ಶಾಟ್‌ಗೆ ಮೊದಲು ಮತ್ತು ನಂತರ ಐದೈದು ಸೆಕೆಂಡ್ ಹೆಚ್ಚಿಗೆ ರೆಕಾರ್ಡ್ ಮಾಡಿ, ಎಡಿಟಿಂಗ್‌ನಲ್ಲಿ ಬೇಕಾಗುತ್ತದೆ.

ಎಡಿಟ್ ಮುಗಿದ ಮೇಲೆ ಧ್ವನಿ ಪೂರ್ತಿ ಆಫ್ ಮಾಡಿ ಮನೆಯಲ್ಲಿ ಒಬ್ಬರಿಗೆ ತೋರಿಸಿ. ಆಮೇಲೆ ಎರಡೇ ಪ್ರಶ್ನೆ ಕೇಳಿ: ಇದು ಯಾರ ಕತೆ? ಅವರಿಗೆ ಏನು ಗೊತ್ತಾಯಿತು? ಉತ್ತರ ಬರದಿದ್ದರೆ ಎಡಿಟಿಂಗ್ ಮೇಲೆ ಹೊರಿಸಬೇಡಿ, ಶಾಟ್ ಪಟ್ಟಿ ತೆರೆದು ಎಲ್ಲಿ ಕ್ಯಾಮೆರಾ ತಪ್ಪಾದ ಜಾಗದಲ್ಲಿ ನಿಂತಿದೆ ಅಂತ ಹುಡುಕಿ. ಒಂದೆರಡು ಶಾಟ್ ಮತ್ತೆ ತೆಗೆಯಬೇಕಾಗುತ್ತದೆ. ಹಾಗಾಗಿ ಜನವರಿ ಮುಗಿಯುವವರೆಗೆ ಕಾಯಬೇಡಿ, ಗಂಜಿನಲ್ಲಿ ಇನ್ನೂ ಚೀಲ ಇರುವಾಗಲೇ ಮೊದಲ ಸುತ್ತು ಮುಗಿಸಿಕೊಳ್ಳಿ.